ಶ್ರಾವಣಕ್ಕ ಕುಡಿಯೂದು ಬಿಡೋ ಹುಡುಗೂರ ಮನಿಯವರಿಗೆ

ಸಂಪಾದಕರಿಗೆ ನಮಸ್ಕಾರ್ರೀ,

ನಾಗರ ಅಮಾವಾಸಿ ಹತ್ರ ಬಂತು. ನಮ್ಮ ಕಡೆ ಶ್ರಾವಣ ಹಿಡಿದ್ರ ಎಷ್ಟೋ ಮಂದಿ ಒಂದು ತಿಂಗಳು ಸೆರೆ ಮುಟ್ಟೂದಿಲ್ಲ, ಮಟನ್ ತಿನ್ನೂದಿಲ್ಲ. ಛಲೋ ಪದ್ಧತಿ, ನಂಗೂ ಅದರ ಮ್ಯಾಲ ಗೌರವ ಐತಿ. ಆದ್ರ ಕೆಲವರಿಗೆ ಹಿಂಗ ಒಮ್ಮೆಲೆ ಬಿಡೂದು ಜೀವಕ್ಕ ಕುತ್ತು ತರತೈತಿ, ಈ ಮಾತು ಮನಿಮನಿಗೆ ಮುಟ್ಟಿಲ್ಲ, ಅದಕ್ಕ ಬರಿಯಾಕತ್ತೇನಿ.

ತಿಂಗಳಿಗೆ ಒಂದೆರಡು ಸಲ ಕುಡಿಯೋನು ಒಮ್ಮೆಲೆ ಬಿಟ್ರ ಏನೂ ಆಗೂದಿಲ್ಲ. ದಿನಾ ಕುಡಿಯೋ ಹುಡುಗ, ಮುಂಜಾನೆ ಎದ್ದ ಕೂಡ್ಲೆ ಕೈ ನಡಗ್ತಾವು, ಒಂದು ನೈಂಟಿ ಹಾಕಿದ ಮ್ಯಾಲ ನಿಲ್ತಾವು ಅನ್ನೋನು, ಅವನ ವಿಷಯ ಬ್ಯಾರೆ. ದಿನಾ ಸೆರೆ ಬಿದ್ದು ಮೆದುಳು ಮಂಕಾಗತಿರತೈತಿ, ಅದನ್ನ ತಡ್ಕೊಳ್ಳಾಕ ಮೆದುಳು ತಾನೂ ಜೋರು ಹೆಚ್ಚು ಮಾಡ್ಕೊಂಡಿರತೈತಿ, ಸೆರೆ ಪಟ್ ಅಂತ ನಿಂತ್ರ ಆ ಜೋರಷ್ಟ ಉಳೀತೈತಿ. ಆರೆಂಟು ತಾಸಿನಾಗ ನಡುಕ, ಬೆವರು, ವಾಂತಿ ಸುರು, ಎರಡು ದಿನದೊಳಗ ಕೆಲವರಿಗೆ ಫಿಟ್ಸ್, ಮುಂದ ಮೂರ್ನಾಕು ದಿನಕ್ಕ ಕೆಲವರಿಗೆ ಇಲ್ಲದ್ದು ಕಾಣತೈತಿ, ತಾನು ಎಲ್ಲಿದ್ದೇನಿ ಅನ್ನೂದ ತಿಳಿಯೂದಿಲ್ಲ. ಡಾಕ್ಟರು ಇದಕ್ಕ ಡಿಲೀರಿಯಂ ಅಂತಾರ. ಮನಿಯವರು ಗಾಳಿ ಬಡದೈತಿ ಅಂತ ತಾಯತ ಕಟ್ಟಿಸಾಕ ಒಯ್ತಾರ, ಅಷ್ಟರಾಗ ಹೊತ್ತು ಮೀರಿರತೈತಿ.

ನಾನು ಸಪ್ತಾಪುರದಾಗ ಖಾನಾವಳಿ ನಡಸ್ತೇನಿ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ರೋಣ, ಸವಣೂರು, ಹಾನಗಲ್ ಕಡೆಯಿಂದ ಬಂದ ಹುಡುಗೂರು ನಮ್ಮಲ್ಲೇ ಉಣ್ತಾರ. ಮನ್ಯಾಗ ಸಾಲ ಮಾಡಿ ಕಳಿಸಿರ್ತಾರ, ಇಲ್ಲಿ ನೋಟಿಫಿಕೇಶನ್ ಬರೂದಿಲ್ಲ, ಬಂದ್ರ ಪರೀಕ್ಷೆ ಮುಂದ ಹೋಗತೈತಿ, ವಯಸ್ಸು ದಾಟ್ಕೋತ ಹೊಂಟಿರತೈತಿ, ಊರಿಗೆ ಹೋದ್ರ ಮಂದಿ ಏನಾತಪಾ ನಿನ್ನ ನೌಕರಿ ಅಂತ ಕೇಳ್ತಾರ. ಮೊದಲು ರವಿವಾರ ಅಷ್ಟ, ಆಮ್ಯಾಲ ನಿದ್ದಿ ಬರವಲ್ದು ಅಂತ ದಿನಾ. ಕೇಳಿದ್ರ ಬಿಯರ್ ಅಷ್ಟರೀ ಅಕ್ಕಾರ ಅಂತಾರ. ಬಿಯರ್ ಅಂದ್ರ ಏನು, 650 ಎಂಎಲ್ ಸ್ಟ್ರಾಂಗ್ ಬಾಟ್ಲಿಯೊಳಗ 8 ಪರ್ಸೆಂಟ್ ಅಂತ ಹಿಡಿದ್ರ 52 ಎಂಎಲ್ ಆಲ್ಕೋಹಾಲ್ ಆತು, ಅದು 60 ಎಂಎಲ್‌ನ ಎರಡು ಪೆಗ್ ವಿಸ್ಕಿಗೆ ಸಮ. ಇದನ್ನ ನಾನು ಲೆಕ್ಕ ಹಾಕಿ ತೋರಿಸಿದ್ರ ಹುಡುಗೂರು ಸುಮ್ಮನಾಗ್ತಾರ.

ಹೋದ ಶ್ರಾವಣದಾಗ ಅವರೊಳಗೊಬ್ಬ ಬಿಟ್ಟಾ. ಮರುದಿನ ಊಟಕ್ಕ ಬಂದಾಗ ರೊಟ್ಟಿ ಮುರಿಯಾಕ ಬರದಷ್ಟು ಕೈ ನಡಗತಿದ್ದವು. ಸಂಜಿಗೆ ರೂಮಿನಾಗ ಫಿಟ್ಸ್ ಬಂತು, ಗೆಳ್ಯಾರು ಕೈಯಾಗ ಕೀಲಿ ಹಿಡಿಸಿ, ಉಳ್ಳಾಗಡ್ಡಿ ಮೂಸಿಸಿ ಕುಂತಿದ್ರು, ಪಾಪ ಅವರಿಗೂ ಬ್ಯಾರೆ ಏನು ಗೊತ್ತಿರಲಿಲ್ಲ. ಆಸ್ಪತ್ರ್ಯಾಗ ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ರು, ನಡುಕಕ್ಕ ಗುಳಿಗಿ ಸುರು ಮಾಡಿ ದಿನದಿನಾ ಕಡಿಮಿ ಮಾಡ್ಕೋತ ಬಂದ್ರು, ವಾರದಾಗ ಎದ್ದು ಕುಂತಾ. ಬಿಡಿಸೂದು ಇಷ್ಟು ಸರಳ ಇತ್ತು, ಡಾಕ್ಟರ ಕಣ್ಣ ಮುಂದ ಬಿಡಬೇಕಿತ್ತು ಅಷ್ಟ. ಆಮ್ಯಾಲಿನ ಕೆಲಸ ಉದ್ದ ಐತಿ, ಆಸೆ ಕಡಿಮಿ ಮಾಡೋ ಗುಳಿಗಿ, ಕೌನ್ಸೆಲಿಂಗ್, ಮತ್ತ ಒಂದೊಂದು ಸಲ ಜಾರೂದು. ಜಾರಿದಾಗ ಬೈದು ಮನಿಬಿಟ್ಟು ಹಾಕಬ್ಯಾಡ್ರಿ, ಶುಗರ್ ಏರಿದವ್ರನ್ನ ಯಾರೂ ಮನಿಬಿಟ್ಟು ಹಾಕೂದಿಲ್ಲ.

ಇನ್ನೊಂದು, ಗೊತ್ತಿಲ್ಲದಂಗ ಸಾರಿನ್ಯಾಗ ಪುಡಿ ಕಲಸಿ ಬಿಡಸ್ತೇವಿ ಅಂತ ಮಾರೋರ ಮಾತು ಕೇಳಬ್ಯಾಡ್ರಿ ತಾಯಂದಿರಾ. ಅದರಾಗ ಡೈಸಲ್ಫಿರಾಮ್, ಅಂದ್ರ ಸೆರೆ ಮೈಗೆ ಆಗದಂಗ ಮಾಡೋ ಔಷಧ, ಇದ್ದು ಹುಡುಗ ಮ್ಯಾಲ ಕುಡಿದ್ರ ಬಿಪಿ ಇಳಿದು ಹೃದಯಕ್ಕ ಅಪಾಯ. ಆ ಗುಳಿಗಿ ತಗೊಳ್ಳೋನಿಗೆ ಹೇಳಿ, ಅವನು ಒಪ್ಪಿದ ಮ್ಯಾಲ, ಡಾಕ್ಟರು ಕೊಡೋದು.

2019ರಾಗ ಕೇಂದ್ರ ಸರ್ಕಾರ ದಿಲ್ಲಿಯ ಏಮ್ಸ್ ಆಸ್ಪತ್ರೆಯವರ ಕಡೆಯಿಂದ ಮಾಡಿಸಿದ ಸಮೀಕ್ಷೆ ಹೊರಗ ಬಂತು, ಕುಡಿತಕ್ಕ ಅಂಟಿಕೊಂಡ 38 ಮಂದ್ಯಾಗ ಒಬ್ಬರಿಗಷ್ಟ ಏನಾರ ಚಿಕಿತ್ಸೆ ಸಿಕ್ಕಿತ್ತು. ಇದನ್ನ ಓದಿ ನಂಗ ಭಾಳ ಸಂಕಟ ಆತು, ಯಾಕಂದ್ರ ನಮ್ಮೂರಾಗ ಸೌಲಭ್ಯ ಇಲ್ಲಂತ ಅಲ್ಲ. ಧಾರವಾಡದಾಗ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆಸ್ಪತ್ರೆ ಐತಿ, ಹುಬ್ಬಳ್ಳಿಯೊಳಗ ಮೊದಲು ಕಿಮ್ಸ್ ಅಂತಿದ್ದ, ಈಗ ಕೆಎಂಸಿಆರ್‌ಐ ಅನ್ನೋ ಸರ್ಕಾರಿ ಆಸ್ಪತ್ರ್ಯಾಗ ಮಾನಸಿಕ ವಿಭಾಗ ಐತಿ, ಟೆಲಿಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕ ಫೋನ್ ಹಚ್ಚಿದ್ರ ಹಗಲು ರಾತ್ರಿ ಕನ್ನಡದಾಗ ಪುಕ್ಕಟೆ ಮಾತಾಡ್ತಾರ. ಹುಚ್ಚರ ಆಸ್ಪತ್ರೆಗೆ ಹೋದ ಅಂತಾರ ಅನ್ನೋ ಹೆದರಿಕಿಗೆ ಜನ ಹೋಗೂದಿಲ್ಲ.

ಆಗಸ್ಟ್ 1 ಇಲಕಲ್ಲ ಮಠದ ಸ್ವಾಮಿಗೋಳಾಗಿದ್ದ ಮಹಾಂತ ಅಪ್ಪಗೋಳ ಹುಟ್ಟಿದ ದಿನ, ಸರ್ಕಾರ ಅದನ್ನ ವ್ಯಸನಮುಕ್ತ ದಿನ ಅಂತ ಮಾಡೈತಿ. ಅವರು ಜೋಳಿಗಿ ಹಿಡಕೊಂಡು ಊರೂರು ತಿರುಗಿ ಮಂದಿಯ ಚಟಗಳನ್ನ ಭಿಕ್ಷಾ ಬೇಡಿದವರು. ಈ ವರ್ಷ ಜೋಳಿಗಿ ಹಿಡಿಯೋ ಮಠದವರು, ಶ್ರಾವಣದ ಪ್ರವಚನ ಇಡೋ ಕಮಿಟಿಯವರು ಬಾಜೂಕ ಒಂದು ಟೇಬಲ್ ಹಾಕಿ ಒಬ್ಬ ಡಾಕ್ಟರನ್ನ ಕೂಡಿಸ್ರಿ, ಚಟ ಹಾಕಿ ಹೋಗೋ ಹುಡುಗನ್ನ ಮುಂಜಾನೆ ಕೈ ನಡಗ್ತಾವೇನಪಾ ಅಂತ ಕೇಳಲಿ. ನೀವೂ ಶ್ರಾವಣ ಮುಗಿಯೋತನಾ ದಿನಭವಿಷ್ಯದ ಬಾಜೂಕ 14416 ಅಚ್ಚು ಹಾಕ್ರಿ, ಆ ಪುಟ ಎಲ್ಲಾರೂ ಓದ್ತಾರ.

ಸಪ್ತಾಪುರದ ಖಾನಾವಳಿ ಅಕ್ಕ
ಧಾರವಾಡ