ಬರೆಯಲು ಕಷ್ಟಪಡುವ ಮಕ್ಕಳ ಕುರಿತು ಪಾಲಕರಲ್ಲಿ ವಿನಂತಿ

ಎಲ್ಲ ಪಾಲಕರಿಗೆ ನಮಸ್ಕಾರ.

ಮಕ್ಕಳ ನೋಟ್‌ಬುಕ್ಕಿನ ಫೋಟೊ ಪಾಲಕರ ಈ ಗುಂಪಿನಲ್ಲಿ ಹಾಕಿ ಅಕ್ಷರ ಹೋಲಿಸುವುದನ್ನು ದಯವಿಟ್ಟು ಇಂದಿನಿಂದಲೇ ನಿಲ್ಲಿಸೋಣ. ಅಂದಗೆಟ್ಟ ಪುಟವೆಲ್ಲ ಸೋಮಾರಿತನದ ಗುರುತಲ್ಲ.

ಉಣಕಲ್ ಕೆರೆ ನೋಡಿ ಬಂದ ಐದನೆಯ ತರಗತಿಯ ಹುಡುಗನೊಬ್ಬ ದೋಣಿ, ಹಕ್ಕಿ, ತಿಂದ ಗಿರ್ಮಿಟ್ ಎಲ್ಲವನ್ನೂ ಸೊಗಸಾಗಿ ಬಣ್ಣಿಸಿದ. ಬರೆದದ್ದು ಮಾತ್ರ ಮೂರೇ ಸಾಲು. ‘ಹುಬ್ಬಳ್ಳಿ’ ಹೋಗಿ ‘ಹುಬಳಿ’ ಆಗಿತ್ತು. ಪೆನ್ಸಿಲ್ ಒತ್ತಿದ ಬಿಗಿಗೆ ಹಾಳೆ ಹರಿದಿತ್ತು.

ಬರೆಯುವಾಗ ಮಗು ವಾಕ್ಯವನ್ನು ನೆನಪಿನಲ್ಲಿ ಹಿಡಿದುಕೊಂಡೇ ಧ್ವನಿ ಬಿಡಿಸಬೇಕು, ಕಾಗುಣಿತ, ಒತ್ತಕ್ಷರ ನೆನೆಯಬೇಕು, ಬೆರಳನ್ನೂ ಆಡಿಸಬೇಕು. ಡಿಸ್ಲೆಕ್ಸಿಯಾ ಇದ್ದರೆ ಧ್ವನಿಗೆ ಅಕ್ಷರ ಜೋಡಿಸುವುದೇ ಕಷ್ಟ. ಡಿಸ್‌ಗ್ರಾಫಿಯಾ ಇದ್ದರೆ ಅಕ್ಷರ ಮೂಡಿಸುವುದೇ ದೊಡ್ಡ ಕೆಲಸ. ಶಕ್ತಿಯೆಲ್ಲ ಅಲ್ಲೇ ಖರ್ಚಾದರೆ ಹೇಳಬೇಕಾದ ವಿಷಯ ಕೈತಪ್ಪುತ್ತದೆ. ಇದು ದಡ್ಡತನವಲ್ಲ. ನೂರು ಸಲ ಬರೆಸುವ ಶಿಕ್ಷೆಯಿಂದ ಇದು ಖಂಡಿತ ಸರಿಹೋಗುವುದಿಲ್ಲ. ಮಗು ಬರೆಯುವುದನ್ನೇ ದ್ವೇಷಿಸಲು ಕಲಿಯುತ್ತದೆ.

ಮನೆಯಲ್ಲಿ ಮೊದಲು ಬಾಯಲ್ಲಿ ಹೇಳಿಸಿ, ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಆಮೇಲೆ ಒಂದೊಂದೇ ವಾಕ್ಯ ಕೇಳಿಸಿ ಬರೆಸಿ. ತಪ್ಪು ತಿದ್ದುವುದು ಕೊನೆಗೆ, ಅದೂ ಒಂದು ದಿನಕ್ಕೆ ಒಂದೇ ಬಗೆಯ ತಪ್ಪು.

ತೊಂದರೆ ಮುಂದುವರಿದರೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ವಿಚಾರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾ, ಡಿಸ್‌ಗ್ರಾಫಿಯಾದಂತಹ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂತಹ ಸೌಲಭ್ಯ ಕೋರಬಹುದು. ಹತ್ತನೆಯ ತರಗತಿಯವರೆಗೆ ಕಾಯಬೇಡಿ.

ನಿಮ್ಮ ಮಗುವಿನ ವಿಷಯ ಮಾತನಾಡಬೇಕಿದ್ದರೆ ನನಗೆ ನೇರವಾಗಿ ಸಂದೇಶ ಕಳುಹಿಸಿ. ಯಾವ ಮಗುವಿನ ಹೆಸರೂ ಗುಂಪಿನಲ್ಲಿ ಬರುವುದು ಬೇಡ.