ಗುರುವಾರದ ಬ್ಯಾಂಡಿಗೆ, ನಮ್ಮಿಬ್ಬರಿಂದ

ನಮ್ಮ ಯಜಮಾನರಿಗೆ ಸ್ಟ್ರೋಕ್ ಆಗಿ ಈ ವಾರಕ್ಕೆ ಒಂದು ವರ್ಷ. ಆಗ ಬಲಗೈ, ಬಲಗಾಲು ಎರಡೂ ಸ್ವಾಧೀನದಲ್ಲಿ ಇರಲಿಲ್ಲ. ಮಾತು ಪೂರ್ತಿ ನಿಂತುಹೋಗಿತ್ತು. ಈಗ ಕೋಲು ಹಿಡಿದು ಓಡಾಡುತ್ತಾರೆ, ದಿನಕ್ಕೆ ಹತ್ತಿಪ್ಪತ್ತು ಮಾತು ಆಡುತ್ತಾರೆ. ಅಡುಗೆ ಮಾಡಿ ತಂದುಕೊಟ್ಟವರು, ಆಸ್ಪತ್ರೆಗೆ ಕಾರು ಓಡಿಸಿದವರು, ಶಿವಮೊಗ್ಗದಿಂದ ಹೊತ್ತುಗೊತ್ತು ನೋಡದೆ ಫೋನ್ ಮಾಡಿದವರು, ಎಲ್ಲರಿಗೂ ಬೇರೆಬೇರೆಯಾಗಿ ಹೇಳಿದ್ದೇನೆ. ಈ ಬರಹ ಒಂದು ಬ್ಯಾಂಡಿನವರಿಗೆ. ಅವರಿಗೆ ಕನ್ನಡ ಬರೋದಿಲ್ಲ. ಅರ್ಥ ಹೇಳುವ ಕೆಲಸ ನನ್ನ ಮಗಳದ್ದು.

ನಾವಿರುವುದು ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ. ಮನೆಗೆ ಹತ್ತಿರದ ಒಂದು ಹೋಟೆಲಿನ ಹಿಂದಿನ ಕೋಣೆಯಲ್ಲಿ ಗುರುವಾರ ಸಂಜೆ ಐದು ಜನ ನುಡಿಸುತ್ತಾರೆ. ಪಿಯಾನೋ, ಬಾಸ್ ಅನ್ನುವ ತಗ್ಗು ದನಿಯ ತಂತಿವಾದ್ಯ, ಡ್ರಮ್ಸ್, ಕೈಯಲ್ಲಿ ಬಾರಿಸುವ ಉದ್ದನೆಯ ಕಾಂಗಾ, ಲೋಹದ ಪಟ್ಟಿಗಳ ವೈಬ್ರಫೋನ್. ಮೊದಲ ಸೆಟ್ ಸ್ವಿಂಗ್ ಅನ್ನುವ ನಡೆಯ ಜಾಝ್, ಎರಡನೆಯದು ಕ್ಯೂಬಾದ ಲಯ ಬೆರೆತ ಲ್ಯಾಟಿನ್ ಜಾಝ್. ನಲವತ್ತು ಕುರ್ಚಿ ಹಾಕಿದರೆ ಕೋಣೆ ತುಂಬಿತು. ನಾಲ್ಕನೇ ತಿಂಗಳಲ್ಲಿ ಮಗಳು ಹಟ ಹಿಡಿದು ಕರೆದುಕೊಂಡು ಹೋದಳು. ನನಗೆ ಸುತಾರಾಂ ಇಷ್ಟವಿರಲಿಲ್ಲ. ಮೆದುಳಿಗೆ ಏಟು ಬಿದ್ದ ಮನುಷ್ಯನನ್ನು ಡ್ರಮ್ಸ್ ಮುಂದೆ ಕೂರಿಸೋದಾ ಅಂತ ಜಗಳ ಆಡಿದ್ದೆ.

ಆದರೆ ಅಲ್ಲಿ ಗದ್ದಲವೇ ಇರಲಿಲ್ಲ. ಡ್ರಮ್ಸ್ ನುಡಿಸುವ ಹುಡುಗಿ ಕೋಲು ಬಿಟ್ಟು ತಂತಿಯ ಬ್ರಷ್ ಹಿಡಿದಿದ್ದಳು. ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಸದ್ದು. ಬಾಸ್ ಒಂದೊಂದು ಎಣಿಕೆಗೆ ಒಂದೊಂದು ಸ್ವರ ಇಟ್ಟುಕೊಂಡು ನಡೆಯುತ್ತಿತ್ತು. ಬೆರಳು ತಂತಿ ಬಿಡುವ ಚಟ್ ಎನ್ನುವ ಸದ್ದು ಕೂಡ ನಮ್ಮ ಟೇಬಲ್ಲಿಗೆ ಕೇಳುತ್ತಿತ್ತು. ಸ್ವಿಂಗ್‌ನಲ್ಲಿ ಸ್ವರಗಳು ಅಳತೆ ಹಾಕಿದಂತೆ ಸಮಸಮ ಬರೋದಿಲ್ಲ. ಒಂದು ಉದ್ದ, ಒಂದು ಗಿಡ್ಡ. ಎರಡನೇ ಮತ್ತು ನಾಲ್ಕನೇ ಎಣಿಕೆಗೆ ಡ್ರಮ್ಸ್‌ನ ಜೋಡಿತಾಳ ಟಿಕ್ ಅಂತ ಮುಚ್ಚಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಇವರ ಎಡಗೈ ತೋರುಬೆರಳು ಟೇಬಲ್ ಬಟ್ಟೆಯ ಮೇಲೆ ಅದೇ ಎರಡು, ಅದೇ ನಾಲ್ಕು. ಒಂದೂ ತಪ್ಪಲಿಲ್ಲ. ನಾಲ್ಕು ತಿಂಗಳಿಂದ ನಾನು ಕೇಳಿದ ಯಾವ ಪ್ರಶ್ನೆಗೂ ಅವರಿಂದ ಅಷ್ಟು ಖಚಿತವಾದ ಉತ್ತರ ಬಂದಿರಲಿಲ್ಲ.

ಇವರು ಹೈಸ್ಕೂಲಿನಲ್ಲಿ ಐದು ವರ್ಷ ಮೃದಂಗ ಕಲಿತವರು. ಅದು ಇಷ್ಟು ಒಳಗೆ ಉಳಿದಿದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಮೂರನೇ ವಾರ ಇಂಟರ್ವಲ್‌ನಲ್ಲಿ ಕಾಂಗಾ ನುಡಿಸುವ ಹಿರಿಯರು ನಮ್ಮ ಪಕ್ಕ ಬಂದು ಕೂತರು. ಕಾಯಿಲೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಜೇಬಿನಿಂದ ಕ್ಲಾವೆ ಅನ್ನುವ ಎರಡು ಗಿಡ್ಡ ಮರದ ಕೋಲು ತೆಗೆದರು. ಒಂದನ್ನು ಬೋಗುಣಿ ಮಾಡಿದ ಅಂಗೈ ಮೇಲೆ ಸಡಿಲವಾಗಿ ಇಟ್ಟುಕೊಳ್ಳಬೇಕು, ಇನ್ನೊಂದರಿಂದ ಹೊಡೆಯಬೇಕು. ಬಿಗಿಯಾಗಿ ಹಿಡಿದರೆ ನಾದವೇ ಬರೋದಿಲ್ಲ. ಸ್ಟ್ರೋಕ್ ಆದಾಗಿನಿಂದ ಇವರ ಬಲಗೈ ಬೆರಳು ಒಳಗೆ ಮಡಚಿಕೊಂಡೇ ಇರುತ್ತಿತ್ತು. ಬಿಡಿಸಲು ದಿನಾ ಎಣ್ಣೆ ಹಚ್ಚಿ ತೀಡುತ್ತಿದ್ದೆ. ಆ ಮಡಚಿದ ಕೈಯಲ್ಲೇ ಅವರು ಒಂದು ಕೋಲು ಇಟ್ಟರು. ಅದಕ್ಕೆಂದೇ ಮಾಡಿದ ಹಾಗೆ ಕೂತಿತು. ಇನ್ನೊಂದನ್ನು ಎಡಗೈಗೆ ಕೊಟ್ಟರು.

ಕ್ಲಾವೆಯ ಲೆಕ್ಕ ಐದು ಪೆಟ್ಟು. ಮೊದಲು ಮೂರು, ಆಮೇಲೆ ಎರಡು. ಕ್ಯೂಬಾದಿಂದ ಬಂದ ಈ ಸಂಗೀತ ಪೂರ್ತಿ ನಿಂತಿರೋದು ಅದರ ಮೇಲೆ. ಯಾರೂ ನುಡಿಸದೇ ಇದ್ದಾಗಲೂ ಎಲ್ಲರ ಮನಸ್ಸಿನಲ್ಲಿ ಅದು ನಡೆಯುತ್ತಿರುತ್ತದೆ. ನಮ್ಮ ರೀತಿಯಲ್ಲಿ ಎಣಿಸಿದರೆ ಹದಿನಾರು ಅಕ್ಷರ. ಮೂರು, ಮೂರು, ನಾಲ್ಕು, ಎರಡು, ನಾಲ್ಕು. ಇದನ್ನು ಕಂಡುಕೊಂಡದ್ದು ನಾನಲ್ಲ. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕಾಫಿ ಸೋಸುತ್ತಿದ್ದೆ. ಹಿಂದಿನಿಂದ ತೊದಲು ದನಿ ಬಂತು. "ತಕಿಟ, ತಕಿಟ, ತಕಧಿಮಿ, ತಕ, ತಕಧಿಮಿ." ನನ್ನ ಹೆಸರು ಹೇಳಲು ಇನ್ನೂ ಬಾರದ ಬಾಯಿಂದ. ಇನ್ನು ಹೆಚ್ಚಿನ ಸುಧಾರಣೆ ನಿರೀಕ್ಷಿಸಬೇಡಿ ಅಂತ ಒಬ್ಬರು ಹೇಳಿದ್ದು ಅದೇ ವಾರ. ನಾನು ಆ ಮಾತನ್ನು ಮನೆಗೆ ತರಲೇ ಇಲ್ಲ.

ಕಾಂಗಾ ಹಿರಿಯರು ಹೇಳಿದ ಒಂದು ಸಂಗತಿ ನನಗೆ ಎಷ್ಟೋ ಸಲ ನೆನಪಾಗುತ್ತದೆ. 1947ರಲ್ಲಿ ನ್ಯೂಯಾರ್ಕಿನಲ್ಲಿ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ, ಹವಾನಾದಿಂದ ಬಂದ ಚಾನೋ ಪೋಜೋರನ್ನು ಕಾಂಗಾ ನುಡಿಸಲು ಕರೆದುಕೊಂಡರು. ಗಿಲೆಸ್ಪಿಗೆ ಸ್ಪ್ಯಾನಿಷ್ ಬರದು, ಪೋಜೋಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಮಾರನೇ ವರ್ಷವೇ ಪೋಜೋ ಗುಂಡೇಟಿಗೆ ಬಲಿಯಾದರು. ಅಷ್ಟು ಕಮ್ಮಿ ಸಮಯದಲ್ಲಿ ಇಬ್ಬರೂ ಸೇರಿ ಜಾಝ್‌ನ ದಾರಿಯನ್ನೇ ತಿರುಗಿಸಿದರು.

ವೈಬ್ರಫೋನ್ ಈ ಬ್ಯಾಂಡಿನಲ್ಲಿ ಇರೋದಕ್ಕೂ ಒಂದು ಕಾರಣ ಇದೆ. ವೈಬ್ರಫೋನ್ ವಾದಕ ಕ್ಯಾಲ್ ಜೇಡರ್ ಈ ಕಡೆಯವರೇ, ಸ್ಯಾನ್ ಮಟೇಯೋದಲ್ಲಿ ಬೆಳೆದವರು. 1950ರ ದಶಕದಲ್ಲಿ ಅವರು ಪುಟ್ಟ ಗುಂಪು ಕಟ್ಟಿಕೊಂಡು ಮಾಂಬೋ ಅನ್ನುವ ಕ್ಯೂಬಾದ ಕುಣಿತದ ಸಂಗೀತ ನುಡಿಸಿದರು. ದೊಡ್ಡ ಬ್ಯಾಂಡ್‌ಗಳ ತುತ್ತೂರಿ ಸಾಲು ಇಲ್ಲ, ಲೋಹದ ಪಟ್ಟಿಗಳ ಮೇಲೆ ಗುಂಯ್ ಎನ್ನುವ ತಂಪು ನಾದ. ಸಣ್ಣ ಗುಂಪಿನ ಸುಖ ನನಗೆ ಅರ್ಥವಾದದ್ದೂ ಅಲ್ಲೇ. ದೊಡ್ಡ ಬ್ಯಾಂಡಿನಲ್ಲಿ ಬರೆದಿಟ್ಟದ್ದನ್ನು ಬಹಳಷ್ಟು ನುಡಿಸಬೇಕು. ಇಲ್ಲಿ ಪಿಯಾನೋದವರು ತಲೆ ಎತ್ತಿ ಬಾಸ್‌ನವರ ಮುಖ ನೋಡುತ್ತಾರೆ, ಹಾಡು ಬೇರೆ ಕಡೆ ಹೊರಳುತ್ತದೆ. ಡ್ರಮ್ಸ್, ಕಾಂಗಾ ನಾಲ್ಕು ನಾಲ್ಕು ಬಾರ್, ಅಂದರೆ ತಾಳದ ಸುತ್ತು, ಹಂಚಿಕೊಂಡು ನುಡಿಸುವಾಗ ನಮ್ಮ ತನಿ ಆವರ್ತನದಲ್ಲಿ ಮೃದಂಗ, ಖಂಜಿರ ಮಾತಾಡಿಕೊಂಡ ಹಾಗೇ, ಅಲ್ವಾ? ಒಂದು ಸಲ ಆ ಹುಡುಗಿ ತನ್ನ ಸರದಿ ಬಂದಾಗ ನುಡಿಸದೆ ಸುಮ್ನೆ ನಮ್ಮ ಟೇಬಲ್ ಕಡೆ ನೋಡಿದಳು. ಐವರೂ ಕಾದರು. ಇವರು ಕ್ಲಾವೆ ಹೊಡೆದರು, ಎರಡು ಸುತ್ತು. ಮೂರನೆಯದಕ್ಕೆ ಬಾಸ್ ಬಂದು ಸೇರಿಕೊಂಡಿತು. ರೇಡಿಯೋ ನಮಗಾಗಿ ಹಾಗೆ ಕಾಯುತ್ತಿರಲಿಲ್ಲ.

ಐವರಿಗೂ ನನ್ನ ನಮಸ್ಕಾರ. ಗೋಡೆ ಪಕ್ಕದ ಟೇಬಲ್ ಅನ್ನು ವೀಲ್‌ಚೇರ್‌ಗೆ ಅಂತ ಪ್ರತಿ ವಾರ ಖಾಲಿ ಇಟ್ಟ ಹೋಟೆಲಿನ ಹುಡುಗನಿಗೂ. ಈಗ ವೀಲ್‌ಚೇರ್ ಬೇಕಿಲ್ಲ, ಟೇಬಲ್ ಮಾತ್ರ ಅದೇ ಬೇಕು. ಗುರುವಾರ ಏಳೂವರೆಗೆ ಬರುತ್ತೇವೆ. ಕ್ಲಾವೆ ಇವರ ಜೇಬಿನಲ್ಲೇ ಇದೆ.