ಉಣಕಲ್ ಕೆರೆ ದಂಡೆಯ ಅಕ್ಕಾರಿಗೆ

ಹೋದ ಮಳೆಗಾಲದಲ್ಲಿ ಉಣಕಲ್ ಕೆರೆ ದಂಡೆಯಲ್ಲಿ ಮೊಣಕಾಲು ಹಿಡಿದು ಕೂತಿದ್ದೆ. ನೀವು ಬಂದು, "ತಂಗೀ, ಒಂದ ಕಾಲಮ್ಯಾಲ ನಿಂದ್ರು ನೋಡೂಣು" ಅಂದಿರಿ. ಬಲಗಾಲ ಮೇಲೆ ನಿಂತೆ. ಎಡ ಸೊಂಟ ಕೆಳಗೆ ಜಾರಿತು, ಬಲ ಮೊಣಕಾಲು ಒಳಗೆ ವಾಲಿತು. ನೋವು ಮೊಣಕಾಲಲ್ಲಿದ್ದರೂ ಶಕ್ತಿ ಕಡಿಮೆಯಾಗಿದ್ದು ಬಲ ಸೊಂಟದ ಪಕ್ಕದ ಗ್ಲೂಟಿಯಸ್ ಮೀಡಿಯಸ್ ಸ್ನಾಯುವಿನಲ್ಲಿ. ಒಂಟಿಗಾಲಲ್ಲಿ ಸೊಂಟವನ್ನು ಸಮವಾಗಿ ಹಿಡಿಯುವುದು ಅದೇ ಅಲ್ವಾ! ನಾನು ಸುಮ್ನೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ.

ಕಲ್ಲುಬೆಂಚಿನ ಮೇಲೆ ಮಗ್ಗುಲಾಗಿ ಮಲಗಿಸಿ, ಮೇಲಿನ ಕಾಲನ್ನು ನೇರವಾಗಿ ಎತ್ತಿಸಿದಿರಿ. ಪಾದ ಆಕಾಶದ ಕಡೆ ತಿರುಗಿದ ಕೂಡಲೇ ತಡೆದು, "ಈಗ ತೊಡಿ ಮುಂದಿನ ಸ್ನಾಯು ಕೆಲಸ ಕಸ್ಕೊಂತು" ಅಂದಿರಿ. ಮೂರು ತಿಂಗಳು ಬಿಡದೆ ಮಾಡಿದೆ. ಈಗ ಮೆಟ್ಟಿಲು ಇಳಿಯಲು ಗೋಡೆ ಬೇಕಿಲ್ಲ. ನಿಮ್ಮ ಹೆಸರೂ ಕೇಳಲಿಲ್ಲ. ಬಾಳ ಉಪಕಾರ ಆಯ್ತು ಅಕ್ಕಾರೇ.